ಫ್ರೆಂಚಿನಲ್ಲಿ ತೊದಲದ ನಾಲಿಗೆ

ಕನ್ನಡದಲ್ಲಿ ನನಗೆ ತೊದಲು, ಫ್ರೆಂಚಿನಲ್ಲಿ ಇಲ್ಲ. ಸಂಡೂರಿನ ನಮ್ಮ ಓಣಿಯವರಿಗೆ ಇದನ್ನು ಹೇಳಿದರೆ "ನಾಟಕ ಮಾಡ್ತಾಳ ನೋಡ್ರಿ" ಅಂತಾರೆ. ಅನ್ನಲಿ ಬಿಡ್ರಿ.

ಹಂಪಿಯಲ್ಲಿ ಗೈಡ್ ಆಗೋಕೆ ಅಂತ ಹೊಸಪೇಟೆಯಲ್ಲಿ ಫ್ರೆಂಚ್ ಕಲಿತೆ. ಉದ್ದನೆಯ ಪದ ಬಂದರೆ ನಮ್ಮ ಮೇಡಂ ಕಬ್ಬಿನಂಗೆ ಕಡಿಸುತ್ತಿದ್ದರು. 'ಇನುಬ್ಲಿಯಾಬ್ಲ್' ಅಂದರೆ ಮರೆಯೋಕಾಗದ್ದು. ನಾಲಿಗೆಗೆ ಅದು ಇ-ನು-ಬ್ಲಿ-ಯಾಬ್ಲ್. ಅರ್ಥ ಬೇಕಂದರೆ ಬೇರೆ ಕಡೆ ಕಡಿಯಬೇಕು: ಮೊದಲಿನ 'ಇನ್' ಅಂದರೆ ಇಲ್ಲ, ನಡುವೆ ಮರೆವು, ಕೊನೆಗೆ ಆಗುವಂಥದ್ದು. ಹೆಬ್ಬೆರಳಿನಿಂದ ಬೆರಳ ಗೆಣ್ಣು ಮುಟ್ಟುತ್ತಾ ಒಂದೊಂದೇ ತುಂಡು ಬಿಟ್ಟೆ. ಪದ ಗಂಟಲಲ್ಲಿ ಸಿಕ್ಕಿಕೊಳ್ಳದೆ ಹೊರಗೆ ಬಂತು! ಕನ್ನಡದಲ್ಲೂ ಹಂಗೇ ಮಾಡಿ ನೋಡಿದೆ. ಊಹೂಂ. ಚಿಕ್ಕಂದಿನಿಂದ ನನ್ನ ನೋಡಿ ನಕ್ಕವರೆಲ್ಲ ಕನ್ನಡದವರೇ, ಅದಕ್ಕೇ ಇರಬೇಕು.

ಇಂಥದರಲ್ಲಿ ಅಪ್ಪ ಕಂಪ್ಲಿಯ ಒಂದು ಸಂಬಂಧ ಹಿಡಿದುಕೊಂಡು ಬಂದ. ಗಂಡಿನ ಕಡೆಯವರದು ಒಂದೇ ಮಾತು, ಮದುವೆ ಆದಮೇಲೆ ಗೈಡ್ ಕೆಲಸ ಬ್ಯಾಡ. ನಾನು ಸರಾಗ ಮಾತಾಡೋದೇ ಆ ಕೆಲಸದಲ್ಲಿ, ಅದನ್ನೂ ಕಸ್ಕೊಳ್ಳೋರಂತೆ! ಒಲ್ಲೆ ಅಂತ ಹೇಳಲು ಹೋದಾಗೆಲ್ಲ ಮೊದಲ ಅಕ್ಷರಕ್ಕೇ ನಿಂತುಬಿಡುತ್ತಿದ್ದೆ. ಅಪ್ಪ ಅದನ್ನು ನಾಚಿಕೆ ಅಂದುಕೊಂಡ. ಬರೆದು ಕೊಡೋಣ ಅಂದರೆ ಅವನಿಗೆ ಓದು ಬರೋದಿಲ್ಲ. ಅವ್ವ ಇದ್ದಿದ್ದರೆ ಮುಖ ನೋಡಿಯೇ ತಿಳಕೊಳ್ಳುತ್ತಿದ್ದಳು.

ಹೋದ ವಾರ ಅಪ್ಪ ಹಂಪಿಗೆ ಬಂದ. ನಾನು ಫ್ರಾನ್ಸಿನ ಪ್ರವಾಸಿಗಳಿಗೆ ವಿವರಿಸೋದನ್ನು ಕಂಬದ ಹಿಂದೆ ನಿಂತು ಕೇಳಿದ. ಅವರು ಹೋದಮೇಲೆ ಹತ್ತಿರ ಬಂದ, ಕಣ್ಣ ತುಂಬ ನೀರು.

"ಒಮ್ಮಿನೂ ತಡೀಲಿಲ್ಲಲ್ಲ ನನ್ನವ್ವ! ಇನ್ನಷ್ಟು ಮಾತಾಡು. ನನಗಂತ ಮಾತಾಡು."

ನಾನು ಫ್ರೆಂಚಿನಲ್ಲೇ ಮಾತಾಡಿದೆ. ಆ ಹುಡುಗ ನನಗೆ ಬೇಡ, ಈ ಕೆಲಸ ಬಿಟ್ಟರೆ ನಾನು ಮೂಕಿ ಆಗ್ತೀನಿ, ನೀನಾದರೂ ನನ್ನ ಕೈಬಿಡಬೇಡ ಅಂತ ಅಪ್ಪನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದೆ. ಒಂದು ಮಾತೂ ನಿಲ್ಲಲಿಲ್ಲ. ಅಪ್ಪ ಹೂಂ, ಹೂಂ ಅಂತ ತಲೆ ಆಡಿಸುತ್ತಾ ಪೂರಾ ಕೇಳಿದ.

"ಭಾಳ ಚಲೋ ಅಂದಿ," ಅಂದ. "ಏನಂದಿ?"

ಹೇಳಲು ಬಾಯಿ ತೆರೆದೆ. "ನ… ನ… ನ…"

ಅಪ್ಪ ನನ್ನ ತಲೆ ಸವರಿದ. "ಇರಲಿ ಬಿಡವ್ವ, ತ್ರಾಸ ಮಾಡ್ಕೋಬ್ಯಾಡ. ಐತವಾರ ಗಂಡಿನ ಕಡೆಯವರು ಬರ್ತಾರ. ಅವರ ಮುಂದೂ ಇದನ್ನ ಹಿಂಗ ಹೇಳು, ಖುಷಿ ಪಡ್ತಾರ."