ಟವೆಲ್ಲಿನ ಕೆಳಗೆ ನಿಂತ ಬೆರಳು

“ತಲೆಯೊಳಗೆ ಕರೆಂಟ್ ಕೊಟ್ಟು ನೋಡ್ತೀವಿ” ಅಂದರು ಮೈಸೂರಿನ ಡಾಕ್ಟರು.

ನನ್ನ ಹೆಂಡತಿ ಎದ್ದೇ ನಿಂತಳು. “ಮೊದ್ಲೇ ಫಿಟ್ಸ್ ಬರೋ ತಲೆ. ಅದ್ಕೆ ಕರೆಂಟಾ? ಬ್ಯಾಡ ಅನ್ರೀ!”

ತಲೆ ಅವಳ ತಮ್ಮ ಮಾದೇಶನದು. ತಿ. ನರಸೀಪುರದ ಕಡೆ ದನದ ದಲ್ಲಾಳಿ. ಮಾತ್ರೆಗೆ ಬಗ್ಗದ ಮೂರ್ಛೆರೋಗ. ಬಲಗೈ ಅದುರಲು ಶುರುವಾದರೆ ಸಾಕು, ಆಸಾಮಿ ನೆಲಕ್ಕೆ. ಆಪರೇಷನ್ ಮಾಡಬಹುದು. ಆದರೆ ರೋಗದ ಜಾಗ, ಕೈ ಆಡಿಸುವ ಜಾಗದ ಪಕ್ಕದಲ್ಲೇ ಇದೆ. ಗಡಿ ಗುರುತಿಸಲು ಈ ಕರೆಂಟ್.

ದಲ್ಲಾಳಿಗೆ ಬೆರಳೇ ಬಂಡವಾಳ. (ಗೊತ್ತಿಲ್ಲದವರಿಗೆ: ಸಂತೆಯಲ್ಲಿ ದನದ ರೇಟನ್ನು ಬಾಯಲ್ಲಿ ಹೇಳುವುದಿಲ್ಲ. ಕೈಗೆ ಟವೆಲ್ ಮುಚ್ಚಿ, ಬೆರಳು ಒತ್ತಿ ಹೇಳುತ್ತೇವೆ.)

ನಾನು ನಂಜನಗೂಡಿನಲ್ಲಿ ಒಂದೇ ಎಮ್ಮೆಯಿಂದ ಡೇರಿ ಕಟ್ಟಿದವನು. ಕೇಳದೆ ತಲೆಯಾಡಿಸುತ್ತೇನೆಯೇ? “ಎಷ್ಟರಿಂದ ಶುರು ಸಾ? ಅದ್ರಿಂದ್ಲೇ ಫಿಟ್ಸ್ ಬಂದ್ರೆ?”

ಡಾಕ್ಟರು ಮುಚ್ಚಿಡಲಿಲ್ಲ. “ಬರಬಹುದು. ಅದಕ್ಕೇ ತೀರಾ ಕಡಿಮೆಯಿಂದ ಶುರುಮಾಡಿ ಮೆಲ್ಲಗೆ ಏರಿಸ್ತೀವಿ. ಒಂದೊಂದು ಸಲಕ್ಕೆ ಕೆಲವೇ ಸೆಕೆಂಡು. ಸ್ಕ್ರೀನಲ್ಲಿ ಮಿದುಳಿನ ಗೆರೆ ಕೆಟ್ಟರೆ ನಿಲ್ಲಿಸ್ತೀವಿ. ಇಂಜೆಕ್ಷನ್ ಪಕ್ಕದಲ್ಲೇ ಇರುತ್ತೆ.”

ಕಡಿಮೆಯಿಂದ ಶುರು, ಮೆಲ್ಲಗೆ ಏರಿಕೆ, ಎದುರಿನವನ ಮೇಲೇ ಕಣ್ಣು. ಅರೆ, ಇವರೂ ನಮ್ಮ ಸಂತೆಯವರೇ! ಮಾದೇಶ ಸೈನ್ ಹಾಕಿದ.

ತಲೆಬುರುಡೆಯೊಳಗೆ ತಂತಿ ಕೂರಿಸಿ, ಅವನಿಗೆ ಎಚ್ಚರವಾದ ಮೇಲೆ ಪರೀಕ್ಷೆ. ಒಂದೊಂದೇ ಜಾಗಕ್ಕೆ ಕರೆಂಟ್ ಕೊಟ್ಟು ಕೆಲಸ ಹೇಳುವುದು. ಮುಷ್ಟಿ ಹಿಡಿ, ಬಿಡು. ಚಿತ್ರದ ಹೆಸರು ಹೇಳು. ಒಮ್ಮೆ ಮಾತ್ರ ಕೈ ಜುಮ್ಮೆಂದಿತು. “ಬತ್ತಾದೆ ಭಾವ!” ಅಂದ. ತಕ್ಷಣ ಕರೆಂಟ್ ನಿಲ್ಲಿಸಿದರು, ಜುಮ್ಮೂ ನಿಂತಿತು. ಮಿಕ್ಕಿದ್ದೆಲ್ಲ ಪಾಸ್.

ನನಗೆ ಸಮಾಧಾನವಾಗಲಿಲ್ಲ. “ಸಾ, ಇವ್ನು ಮುಷ್ಟಿ ಹಿಡ್ದು ಬದುಕೋನಲ್ಲ. ಇವನ ಕಸುಬು ಹಿಡ್ದು ನೋಡಿ” ಅಂದು, ಟವೆಲ್ ಮುಚ್ಚಿ ಅವನ ಕೈ ಹಿಡಿದೆ. ಡಾಕ್ಟರು ನಕ್ಕರು. ಮತ್ತೆ ಒಂದೊಂದೇ ಜಾಗಕ್ಕೆ ಕರೆಂಟ್ ಬಿಡತೊಡಗಿದರು.

ಮಾದೇಶನಿಗೆ ಸಂತೆಗೆ ಬಂದಷ್ಟೇ ಖುಷಿ. “ಈ ರೇಟ್ಗೆ ಒಂದ್ ಕರೂನೂ ಬರಕಿಲ್ಲ ಕಣ್ ಭಾವ!” ಒತ್ತುತ್ತಾನೆ, ಒತ್ತುತ್ತಾನೆ... ಒಂದು ಜಾಗಕ್ಕೆ ಕರೆಂಟ್ ಬಂದಾಗ ಬಾಯಿ ನಡೆಯುತ್ತಿದೆ, ಬೆರಳು ನಿಂತಿದೆ! ಅದುರುವುದಿಲ್ಲ, ಬಿಗಿತವಿಲ್ಲ. ಕೆಲಸವನ್ನೇ ಮರೆತಂತೆ.

“ಸಾ, ಇಲ್ಲಿ!” ಅಂತ ಕೂಗಿದೆ.

ಕರೆಂಟ್ ನಿಂತಿತು. ಬೆರಳು ಮತ್ತೆ ಒತ್ತಿತು. ಡಾಕ್ಟರು ಟವೆಲ್ ತೆಗೆದು ಇನ್ನೆರಡು ಸಲ ನೋಡಿದರು. ಅದೇ ಜಾಗ, ಅದೇ ಕಥೆ. “ಇದನ್ನ ಮುಟ್ಟಲ್ಲ” ಅಂದು ನಕ್ಷೆಯಲ್ಲಿ ಗುರುತು ಹಾಕಿದರು.

ಆಸ್ಪತ್ರೆ ಬಿಲ್ಲಿಗೆ ಚೌಕಾಸಿ ಮಾಡುತ್ತೀರಲ್ಲ, ಪರೀಕ್ಷೆಯ ಬಗ್ಗೆ ಯಾಕೆ ಸ್ವಾಮಿ ಬಾಯಿ ಬಿಡುವುದಿಲ್ಲ? ನಿಮ್ಮವರು ಹೂ ಕಟ್ಟುವವರೋ, ಮಂತ್ರ ಹೇಳುವವರೋ, ಮೊದಲೇ ಹೇಳಿ. ಮಿದುಳು ಡಾಕ್ಟರಿಗೆ ಗೊತ್ತು. ಅದರ ಕಸುಬು ನಿಮಗೇ ಗೊತ್ತು.

ಆಪರೇಷನ್ ಆಗಿ ಎಂಟು ತಿಂಗಳು. ಒಂದೇ ಒಂದು ಫಿಟ್ಸ್ ಇಲ್ಲ! ಕಳೆದ ವಾರ ಸಂತೆಯಲ್ಲಿ ಮಾದೇಶ ಅದೇ ಟವೆಲ್ ಮುಚ್ಚಿ ನನಗೊಂದು ಹಸು ಕೊಡಿಸಿದ. ಮನೆಗೆ ತಂದು ಕರೆದರೆ ಅವನು ಹೇಳಿದ್ದರ ಅರ್ಧ ಹಾಲೂ ಇಲ್ಲ; ಆಗ ಗೊತ್ತಾಯಿತು, ನನ್ನನ್ನು ನೀಟಾಗಿ ಬೋಳಿಸಿದ್ದಾನೆ.

ಅವನ ಬೆರಳನ್ನೇನೋ ಉಳಿಸಿದೆವು, ಇನ್ನು ನನ್ನ ಜೇಬು ಉಳಿಸುವವರು ಯಾರು?