ಮೂರು ಪುಟದ ಮಾತು, ಬಸಣ್ಣನ ಬೆಂಚು

ನನಗೆ ಕಡಿಮೆ ಮಾತಿನಲ್ಲಿ ಬರೆಯಲು ಬರುವುದಿಲ್ಲ. ರಜಾಚೀಟಿ ಬರೆದರೂ ಎರಡು ಪುಟವಾಗುತ್ತಿತ್ತು. ಹೆಡ್‌ಮಾಸ್ತರರು ಓದದೆಯೇ ಸಹಿ ಹಾಕುತ್ತಿದ್ದರು. ಇಂಥ ನಾನು ಎಪ್ಪತ್ತರ ದಶಕದ ಕೊನೆಗೆ, ಶಹಾಬಾದಿನಲ್ಲಿ ಮಾಸ್ತರನಾಗಿದ್ದಾಗ, ಒಂದು ನಾಟಕ ಬರೆದೆ. ಕೇರಿಯವನೊಬ್ಬನಿಗೆ ಹೋಟೆಲಿನವರು ಹೊರಗಿನ ಕಟ್ಟೆಯ ಮೇಲೆ ಬೇರೆ ಕಪ್ಪಿನಲ್ಲಿ ಚಹಾ ಇಡುತ್ತಾರೆ. ಅವನು ಅದನ್ನು ಮುಟ್ಟದೆ ಒಳಗೆ ಬಂದು, ಬೆಂಚಿನ ಮೇಲೆ ಕೂತು, ತನ್ನ ಹಕ್ಕಿನ ಬಗ್ಗೆ ಮೂರು ಪುಟ ಮಾತಾಡುತ್ತಾನೆ. ನಾಟಕವೆಂದರೆ ಅಷ್ಟೇ.

ಆ ಪಾತ್ರ ಮಾಡಿದವನು ಭೀಮಶಾ. ಅವನೂ ಕೇರಿಯವನೇ, ಕಲ್ಲುಗಣಿಯಲ್ಲಿ ದುಡಿಯುವವನು, ಓದಿದ್ದು ನಾಲ್ಕನೆಯ ಇಯತ್ತೆ. ಮೂರೂ ಪುಟವನ್ನು ಎಲ್ಲೂ ತಡವರಿಸದೆ ಹೇಳುತ್ತಿದ್ದ. ಸೇಡಂ, ಚಿತ್ತಾಪುರ, ಚಿಂಚೋಳಿ, ಹೋದಲ್ಲೆಲ್ಲ ಚಪ್ಪಾಳೆ. ಅದು ನನ್ನ ಬರವಣಿಗೆಗೆ ಎಂದು ನಾನು ಸದ್ದಿಲ್ಲದೆ ಉಬ್ಬಿದ್ದೆ.

ಸೇಡಂನಲ್ಲಿ ನಾಟಕ ನೋಡಿದ ಒಬ್ಬ ತರುಣ ನಿರ್ದೇಶಕ ಅದನ್ನು ಸಿನಿಮಾ ಮಾಡುತ್ತೇನೆಂದ. ಮನೆಗೆ ಬಂದು, ನನ್ನ ಚಹಾ ಕುಡಿಯುತ್ತಲೇ, ಪೆನ್ಸಿಲಿನಿಂದ ಮೂರೂ ಪುಟಗಳನ್ನು ಹೊಡೆದುಹಾಕಿದ. ರಂಗದ ಮೇಲೆ ಕೊನೆಯ ಸಾಲಿನವನಿಗೂ ಕೇಳಿಸಬೇಕು, ಕ್ಯಾಮೆರಾಕ್ಕೆ ರೆಪ್ಪೆ ಅಲುಗಿದರೂ ಸಾಕು ಎಂಬುದು ಅವನ ವಾದ. ಹಕ್ಕಿನ ಸಿನಿಮಾದಲ್ಲಿ ಹಕ್ಕು ಎಂಬ ಪದವೇ ಇಲ್ಲ! ಎರಡು ದಿನ ನಾನು ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ.

ಭೀಮಶಾ ನನ್ನ ಪಕ್ಷ ವಹಿಸುತ್ತಾನೆಂದುಕೊಂಡೆ. ಅವನ ಚಿಂತೆ ಬೇರೆಯಿತ್ತು.

“ಮಾತು ಹೋದ್ರ ಹೋಗ್ಲಿ ಸರ. ಖರೇ ಹೋಟೆಲ್‌ನಾಗ ಕುಂದ್ರಬೇಕಂತಲ್ರಿ. ನಾಟಕದಾಗ ಅದು ಸಾಲಿ ಬೆಂಚಿತ್ತು. ನೀವು ವರ್ಗ ಆಗಿ ಹೋಗ್ತೀರಿ, ಅವರು ಬೆಂಗಳೂರಿಗಿ ಹೋಗ್ತಾರ. ನಾ ಇಲ್ಲೇ ಇರಾಂವ.”

ಅಷ್ಟು ಊರುಗಳಲ್ಲಿ ನನ್ನ ಮಾತು ಹೇಳಿದವನು ತನ್ನೂರಿನ ಹೋಟೆಲಿನೊಳಗೆ ಒಮ್ಮೆಯೂ ಕೂತಿರಲಿಲ್ಲ. ನಾನೋ ಸ್ಟೇಷನ್ ಹತ್ತಿರದ ಬಸಣ್ಣನ ಹೋಟೆಲಿನಲ್ಲಿ ದಿನಾ ಚಹಾ ಕುಡಿಯುತ್ತ, ಅಲ್ಲೇ ಕೂತು ನಾಟಕ ಬರೆದವನು. ನಾಚಿಕೆಯಾಯಿತು. ಬೇಡವಾದರೆ ಬಿಡು ಎಂದೆ. ಮರುದಿನ ಅವನೇ ಬಂದು, “ಕುಂದ್ರತೀನ್ರಿ” ಎಂದು ಹೇಳಿಹೋದ.

ಚಿತ್ರೀಕರಣ ನಡೆದದ್ದು ಬಸಣ್ಣನ ಹೋಟೆಲಿನಲ್ಲೇ. ಪರದೆಯ ಮೇಲೆ ತನ್ನ ಮುಖ ನೋಡುವ ಆಸೆಗೆ ಬಸಣ್ಣ ಒಪ್ಪಿದ್ದ. ಅವನ ಕೆಲಸ ಇಷ್ಟೇ: ಒಳಗೆ ಕೂತ ಭೀಮಶಾನ ಮುಂದೆ ಚಹಾ ಗ್ಲಾಸು ಇಡುವುದು. ಆದರೆ ಅವನ ಕೈ ರೂಢಿಯಂತೆ ಗೂಡಿನಲ್ಲಿದ್ದ ಬೇರೆ ಕಪ್ಪನ್ನೇ ಎತ್ತಿಕೊಂಡಿತು, ಕಾಲು ಹೊರಗಿನ ಕಟ್ಟೆಗೇ ನಡೆಯಿತು. ಎರಡನೆಯ ಸಲವೂ ಹಾಗೇ. ಮೂರನೆಯ ಸಲ ಅವನು ಬಾಗಿಲು ದಾಟುವಾಗ ಭೀಮಶಾ ದನಿ ಏರಿಸದೆ ಹೇಳಿದ:

“ಬಸಣ್ಣೋರ, ನಾ ಒಳಗ ಕುಂತೀನ್ರಿ.”

ಅದನ್ನು ಯಾರೂ ಬರೆದುಕೊಟ್ಟಿರಲಿಲ್ಲ. ಬಸಣ್ಣ ಸ್ವಲ್ಪ ಹೊತ್ತು ನಿಂತ. ಮರಳಿ ಬಂದು, ಎಲ್ಲರ ಗ್ಲಾಸುಗಳಲ್ಲಿ ಒಂದನ್ನು ತೆಗೆದು, ಚಹಾ ತುಂಬಿ ಅವನ ಮುಂದಿಟ್ಟ. ಭೀಮಶಾ ಕುಡಿದು ಮುಗಿಸುವವರೆಗೂ ಕ್ಯಾಮೆರಾ ನಿಲ್ಲಲಿಲ್ಲ.

ತಂಡ ಹೋದ ಮರುದಿನ ಬೆಳಿಗ್ಗೆ ನಾನು ಬೇಗನೆ ಹೋಟೆಲಿಗೆ ಹೋದೆ. ಭೀಮಶಾ ಒಬ್ಬನೇ ಬಂದು ಒಳಗೆ ಕೂತ. ಇಬ್ಬರು ಗಿರಾಕಿಗಳು ಎದ್ದು ಹೋದರು. ಬಸಣ್ಣ ಅವರನ್ನು ನೋಡಿದ, ಇವನನ್ನು ನೋಡಿದ, ಗ್ಲಾಸು ತಂದಿಟ್ಟು ಸಕ್ಕರೆ ಸಾಕೇ ಎಂದು ಕೇಳಿದ. ಭೀಮಶಾ ಒಂದು ಗುಟುಕು ಕುಡಿದು, ಇನ್ನೊಂದೀಟು ಹಾಕ್ರಿ ಎಂದ. ಕೆಲವು ದಿನಗಳಲ್ಲಿ ಕೇರಿಯ ಬೇರೆಯವರೂ ಬಂದು ಕೂತರು. ಎದ್ದು ಹೋದವರಲ್ಲಿ ಒಬ್ಬ ಮರಳಿ ಬಂದ. ಬಸಣ್ಣನ ಚಹಾ ಹಾಗಿತ್ತು.

ಮುಂದಿನ ವರ್ಷ ವಾಡಿಯಲ್ಲಿ ಸಿನಿಮಾ ನೋಡಲು ಎಲ್ಲರೂ ಹೋದೆವು. ‘ಸಂಭಾಷಣೆ’ ಎಂದು ನನ್ನ ಹೆಸರು ದೊಡ್ಡದಾಗಿ ಬಂತು. ಇಡೀ ಚಿತ್ರದಲ್ಲಿದ್ದ ಒಂದೇ ಮಾತು ಭೀಮಶಾನದು. ಪಕ್ಕದಲ್ಲಿದ್ದ ಅವನು ಬಗ್ಗಿ, ಭಾಳ ಛಲೋ ಬರ್ದೀರಿ ಸರ ಎಂದು ನಕ್ಕ.

ಆ ಮಾತು ಬಂದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಪರದೆಯ ಮೇಲೆ ಬಸಣ್ಣ ಸುಮ್ಮನೆ ನಿಂತೇ ಇದ್ದ. ತಡೆಯಲಾರದೆ ಹಿಂದಿನಿಂದ ಯಾರೋ, “ಕೊಡ್ರಿ, ಕುಂತಾನಲ್ಲ” ಎಂದರು.

ಮುಂದಿನ ಸಾಲಿನಲ್ಲಿದ್ದ ಬಸಣ್ಣ ಹಿಂತಿರುಗಿ ನೋಡಿ, “ಕೊಡ್ತೀನಿ, ತಡೀರಿ” ಎಂದ.