ಅಸಂಬದ್ಧವೆಂದು ಬರೆದ ಮಾತು

ನರ್ಸುಗಳು ಬರೆಯುವ ಇಂಗ್ಲಿಷಿನಲ್ಲಿ ಸಣ್ಣ ಪದಗಳಿಗೆ ಜಾಗವಿಲ್ಲ. ಪೇಶೆಂಟ್ ಟುಕ್ ಫುಡ್, ಸ್ಲೆಪ್ಟ್ ವೆಲ್, ನೋ ಕಂಪ್ಲೇಂಟ್ಸ್. ಅಷ್ಟಾದರೆ ಆಯಿತು. ಮಂಗಳೂರಿನಲ್ಲಿ ಕಲಿಯುವಾಗ ಕೈಗೆ ಅಂಟಿದ ಅಭ್ಯಾಸ. ದುಬೈಗೆ ಬಂದು ರೋಗಿಗಳನ್ನು ಅವರ ಮನೆಯಲ್ಲೇ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ ಮೇಲೂ ಬಿಡಲಿಲ್ಲ. ನಾನು ಅದನ್ನು ಜಾಣತನವೆಂದೇ ತಿಳಿದಿದ್ದೆ.

ಅಲ್ಲಿನ ಸಿಲಿಕಾನ್ ಓಯಸಿಸ್ ಎಂಬ ಬಡಾವಣೆಯ ಫ್ಲ್ಯಾಟೊಂದರಲ್ಲಿ ನನ್ನ ಪಾಲಿಗೆ ಬಂದ ರೋಗಿ ವೇಲ್ಸ್ ದೇಶದ ಒಬ್ಬ ಅಜ್ಜ. ಸ್ಟ್ರೋಕ್ ಆಗಿ ಎಡಗೈ, ಎಡಗಾಲು ಬಿದ್ದುಹೋಗಿದ್ದವು. ಮಾತಿಗೆ ಮಾತ್ರ ಏನೂ ಆಗಿರಲಿಲ್ಲ. ಒಬ್ಬಳೇ ಮಗಳು ಮೂರೂವರೆ ಗಂಟೆ ದಾರಿಯ ರುವೈಸ್‌ನ ತೈಲ ರಿಫೈನರಿಯಲ್ಲಿ ಇಂಜಿನಿಯರ್. ಅಷ್ಟು ದೂರದಿಂದ ವಾರಕ್ಕೊಮ್ಮೆ ಕಾರು ಓಡಿಸಿಕೊಂಡು ಬರುತ್ತಿದ್ದರು. ಹಗಲಿಗೆ ನಾನು, ರಾತ್ರಿಗೆ ಬೆಳ್ತಂಗಡಿ ಕಡೆಯ ಇನ್ನೊಬ್ಬಳು ನರ್ಸ್.

ಅಜ್ಜ ಜೀವಮಾನವೆಲ್ಲ ಕಾಲೇಜಿನಲ್ಲಿ ಪಾಠ ಹೇಳಿದ್ದು ನಾನು ಬಿಟ್ಟು ಬರೆಯುವ ಆ ಸಣ್ಣ ಪದಗಳ ಬಗ್ಗೆಯೇ. 'ಮತ್ತು', 'ಆದರೆ', 'ಒಳಗೆ' ಇಂಥವು ಎಲ್ಲಿಂದ ಬಂದವು ಎಂದು. ಇದೂ ಒಂದು ವಿದ್ಯೆಯೇ ಎಂದು ನನಗೆ ಒಳಗೊಳಗೇ ನಗು. ಒಂದು ದಿನ ನನ್ನ ರಿಪೋರ್ಟ್ ಪುಸ್ತಕ ಓದಿ, "ಸಿಸ್ಟರ್, ನನ್ನ ಬಳಗವನ್ನೆಲ್ಲ ಮನೆಯಿಂದ ಹೊರಗೆ ಹಾಕಿದ್ದೀರಲ್ಲ!" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವತ್ತಿನಿಂದ ನನಗೂ ಪಾಠ ಶುರುವಾಯಿತು. ಇಂಗ್ಲಿಷಿನ 'ಇನ್', ಜರ್ಮನ್ನಿನ 'ಇನ್', ಅವರ ವೆಲ್ಷ್ ಭಾಷೆಯ 'ಅನ್', ಮೂರೂ ಒಬ್ಬಳೇ ಅಜ್ಜಿಯ ಮೊಮ್ಮಕ್ಕಳಂತೆ. ಇಂಗ್ಲಿಷಿನ 'ಬಟ್' ಎಂಬುದಕ್ಕೆ ಹಿಂದೆ 'ಹೊರಗೆ' ಎಂದು ಅರ್ಥವಿತ್ತಂತೆ. ದೊಡ್ಡ ಪದಗಳನ್ನು ಯಾರ ಮನೆಯಿಂದಲಾದರೂ ಕಡ ತರುತ್ತಾರೆ, ಇವುಗಳನ್ನು ತರುವುದು ತೀರಾ ಅಪರೂಪ ಎನ್ನುತ್ತಿದ್ದರು. ನಮ್ಮಲ್ಲಿ ಇವು ಪದದ ಬಾಲಕ್ಕೇ ಅಂಟಿಕೊಂಡಿರುತ್ತವೆ, ಮನೆಯಲ್ಲಿ, ಮಗಳಿಗೆ, ಎಂದು ನಾನು ಹೇಳಿದಾಗ ಅವರಿಗೆ ಹಬ್ಬ. ಕನ್ನಡ ಮುಗಿಸಿ ಕೊಂಕಣಿ ಕೇಳಿದರು, ಕೊಂಕಣಿ ಮುಗಿಸಿ ತುಳು. ಮಾತ್ರೆಯ ಹೊತ್ತು ಮೀರಿದರೂ ಬಿಡುತ್ತಿರಲಿಲ್ಲ. ನನಗೆ ಸಿಟ್ಟೇ ಬರುತ್ತಿತ್ತು.

ಆಮೇಲೆ ಎರಡನೆಯ ಸ್ಟ್ರೋಕ್ ಆಯಿತು. ಆಸ್ಪತ್ರೆಯಿಂದ ಮರಳಿದಾಗ ದೊಡ್ಡ ಪದಗಳೆಲ್ಲ ಹೋಗಿದ್ದವು. ನೀರು, ಕಿಟಕಿ, ಮಗಳ ಹೆಸರು, ಒಂದೂ ಇಲ್ಲ. ಉಳಿದದ್ದು ಸಣ್ಣವು ಮಾತ್ರ. ಮೊದಮೊದಲು ಇಂಗ್ಲಿಷಿನವು; ಕೆಲವು ದಿನಗಳಲ್ಲಿ ಅವೂ ಕರಗಿ ತಾಯಿಯಿಂದ ಬಂದ ವೆಲ್ಷ್ ಅಷ್ಟೇ ನಿಂತಿತು. ಬಲಗೈಯಿಂದ ನನ್ನ ಮಣಿಕಟ್ಟು ಹಿಡಿದು ಮೂರ್ನಾಲ್ಕು ತುಂಡು ಮಾತನ್ನು ಮತ್ತೆ ಮತ್ತೆ ಹೇಳುವರು. ಹೇಳಿ ನನ್ನ ಮುಖ ನೋಡುವರು. ನಾನು ತಲೆಯಾಡಿಸುವೆ. ತಲೆಯಾಡಿಸಿದ್ದು ಸುಳ್ಳೆಂದು ಅವರಿಗೆ ಗೊತ್ತಾಗುತ್ತಿತ್ತು.

ಆಗಲೇ ರುವೈಸ್‌ನಲ್ಲಿ ಶಟ್‌ಡೌನ್ ಕೆಲಸ. ಯಂತ್ರಗಳನ್ನೆಲ್ಲ ನಿಲ್ಲಿಸಿ ರಿಪೇರಿ ಮಾಡುವ ಆ ದಿನಗಳಲ್ಲಿ ಮಗಳಿಗೆ ರಜೆ ಸಿಗಲಿಲ್ಲ. ದಿನಾ ಫೋನ್ ಮಾಡಿ, "ಅಪ್ಪ ಏನಾದರೂ ಹೇಳಿದರಾ?" ಎಂದು ಕೇಳುವರು. ಫೋನನ್ನು ಅಜ್ಜನ ಕಿವಿಗೆ ಹಿಡಿದರೆ ಅವರು ಬಾಯಿ ಬಿಡುತ್ತಿರಲಿಲ್ಲ, ಉಸಿರು ಮಾತ್ರ ಕೇಳುತ್ತಿತ್ತು. ನಾನು ಫೋನ್ ತೆಗೆದುಕೊಂಡು, "ವಿಶೇಷ ಏನಿಲ್ಲ, ಮೇಡಂ" ಎನ್ನುವೆ.

ಸಂಜೆ ಡ್ಯೂಟಿ ವಹಿಸಿಕೊಡುವಾಗ ಬೆಳ್ತಂಗಡಿಯವಳು ಕೇಳಿದಳು, "ಅಜ್ಜ ಎಂತ ಹೇಳ್ತಾರೆ ಇವತ್ತು?"

"ಹೇಳ್ತಾರೆ ಮಾರಾಯ್ತಿ, ನಂಗೆ ಎಂತದೂ ಅರ್ಥ ಆಗುದಿಲ್ಲ. ಬರಿಯುದು ಹೇಗೆ?"

"ಟಾಕಿಂಗ್ ಇರ್‌ರಿಲೆವೆಂಟ್ ಅಂತ ಬರಿ, ಖಲಾಸ್. ಹೆಚ್ಚು ಬರೆದ್ರೆ ಸೂಪರ್‌ವೈಸರ್ ಫೋನ್ ಮಾಡಿ ತಲೆ ತಿಂತಾಳೆ."

ಎಲ್ಲ ನರ್ಸುಗಳೂ ಬರೆಯುವುದೇ ಅದು. ನಾನೂ ಬರೆದೆ. ಮರುದಿನವೂ ಬರೆದೆ. ಹನ್ನೊಂದು ದಿನ ಅದೇ ಸಾಲು, ಕೆಳಗೆ ಬಿಪಿ, ನಾಡಿ, ಜ್ವರ. ಹನ್ನೆರಡನೆಯ ದಿನ ಮಧ್ಯಾಹ್ನ, ನಾನು ದಿಂಬು ಸರಿಮಾಡುತ್ತಿದ್ದಾಗ, ಅಜ್ಜ ಹೋಗಿಬಿಟ್ಟರು. ಮಗಳು ಬರುವಷ್ಟರಲ್ಲಿ ದೇಹವನ್ನು ಕೊಂಡೊಯ್ದಾಗಿತ್ತು.

ಎರಡು ದಿನ ಬಿಟ್ಟು ನಮ್ಮ ನರ್ಸಿಂಗ್ ಕಂಪನಿಯ ಸಾಮಾನು ತರಲು ಹೋದೆ. ಮಗಳು ಊಟದ ಮೇಜಿನ ಮುಂದೆ ರಿಪೋರ್ಟ್ ಪುಸ್ತಕ ತೆರೆದು ಕೂತಿದ್ದರು. ಒಂದೊಂದು ಪುಟಕ್ಕೂ ಬೆರಳಿಟ್ಟು ಓದುತ್ತಿದ್ದರು.

"ಅಸಂಬದ್ಧ ಮಾತು ಅಂತ ಬರೆದಿದ್ದೀರಿ. ಅಂದರೆ ಮಾತಾಡಿದ್ದಾರೆ."

"ಹೌದು, ಮೇಡಂ."

"ಫೋನಲ್ಲಿ ಏನಿಲ್ಲ ಅಂದಿರಲ್ಲ."

"ವೆಲ್ಷ್‌ನಲ್ಲಿ ಹೇಳುತ್ತಿದ್ದರು, ನನಗೆ ಅರ್ಥ ಆಗುತ್ತಿರಲಿಲ್ಲ," ಎಂದೆ. ಅವರು ಬೈದಿದ್ದರೆ ಒಳ್ಳೆಯದಿತ್ತು. ಬೈಯಲಿಲ್ಲ. "ಚಿಕ್ಕವಳಿದ್ದಾಗ ಅಪ್ಪ ಆ ಭಾಷೆಯಲ್ಲೇ ಮಾತಾಡಿಸುತ್ತಿದ್ದರು, ನಾನು ಇಂಗ್ಲಿಷಲ್ಲಿ ಉತ್ತರ ಕೊಡುತ್ತಿದ್ದೆ," ಎಂದರು. "ಅರ್ಥ ಬೇಡ ಸಿಸ್ಟರ್, ಬರೀ ಶಬ್ದ ನೆನಪಿದ್ದರೆ ಹೇಳಿ. ಹೇಗೆ ಕೇಳಿಸಿತೋ ಹಾಗೆ."

ಎಷ್ಟು ತಡಕಾಡಿದರೂ ನನಗೆ ಸಿಕ್ಕಿದ್ದು ಒಂದೇ ತುಂಡು. "ಮೈ ಗೆನ್ ಇ," ಎಂದೆ.

ಅವರ ಬೆರಳು ಪುಟದ ಮೇಲೆ ನಿಂತಿತು. "ನನಗೆ ಇದೆ ಅಂತ. ನನ್ನ ಹತ್ತಿರ ಇದೆ ಅಂತ." ಅವರು ಎದ್ದು ನನ್ನ ಹತ್ತಿರಕ್ಕೇ ಬಂದರು. "ಏನಿದೆ ಅಂದರು? ಯಾರಿದ್ದಾರೆ ಅಂದರು? ಅದರ ಮುಂದೆ ಏನು ಹೇಳಿದರು?"

ಮಗಳಿದ್ದಾಳೆ ಅಂದರು ಎಂದು ಸುಳ್ಳಾದರೂ ಹೇಳಬಹುದಿತ್ತು, ಬಾಯಿ ಬರಲಿಲ್ಲ. ಅಜ್ಜ ಅಲ್ಲಿಗೇ ನಿಲ್ಲಿಸುತ್ತಿದ್ದರೋ, ಮುಂದೆ ಏನಾದರೂ ಇತ್ತೋ, ನನಗೆ ಗೊತ್ತಿಲ್ಲ. ಅಷ್ಟು ಕೇಳುವಷ್ಟರಲ್ಲಿ ನಾನು ಪೆನ್ನು ತೆಗೆದು ಬರೆಯಲು ಕೂತಿರುತ್ತಿದ್ದೆ.

"ನಾನು ಕೇಳಿಸಿಕೊಳ್ಳಲಿಲ್ಲ, ಮೇಡಂ," ಎಂದೆ.